ಕಾವೂ ಕಾವಲೂ

‘ಕೂಸಿನ ಮೈ ಕಾಯ್ತಿದೆ, ತಾಯಿ ರಾತ್ರಿಯಿಡೀ ಕಾಯ್ತಾ ಕೂತಿದ್ದಾಳೆ’ ಎಂಬ ಮಾತಿನಲ್ಲಿ ‘ಕಾಯು’ ಎರಡು ಸಲ ಬಂದಿದೆ. ಬಂದದ್ದು ಒಂದೇ ಧಾತುವೋ, ಒಂದೇ ವೇಷ ತೊಟ್ಟ ಎರಡು ಧಾತುಗಳೋ ಎಂಬ ಪ್ರಶ್ನೆ ಎದ್ದರೆ, ಪದಗಳ ಬೆನ್ನು ಹತ್ತುವ ಚಪಲವಿರುವ ನಮ್ಮಂಥವರಿಗೆ ಒಂದು ಮಧ್ಯಾಹ್ನಕ್ಕಾಗುವಷ್ಟು ಕೆಲಸ ಸಿಕ್ಕಿತೆಂದೇ ಲೆಕ್ಕ.

ಮೊದಲು ಬಿಸಿಯ ‘ಕಾಯ್’. ಹಳಗನ್ನಡದಲ್ಲಿ ಇದಕ್ಕೆ ಬಿಸಿಯಾಗು, ಸುಡು, ಕೆಂಪಗೆ ಕನಲು ಎಂಬ ಅರ್ಥಗಳ ಜೊತೆಗೆ ಸಿಟ್ಟಾಗು ಎಂಬುದೂ ಉಂಟು. ಭೂತಕಾಲದಲ್ಲಿ ‘ಕಾಯ್ದಂ’, ನಾಮಪದವಾದರೆ ‘ಕಾಯ್ಪು’. ಪಕಾರಗಳೆಲ್ಲ ಹಕಾರಗಳಾಗುತ್ತ ಬಂದ ಕಾಲದಲ್ಲಿ ಈ ಕಾಯ್ಪು ‘ಕಾಹು’ ಆಯಿತು, ಆಮೇಲೆ ‘ಕಾವು’ ಆಗಿ ನಮ್ಮ ನಾಲಗೆಯಲ್ಲಿ ನಿಂತಿತು. ಹಾಲು ಕಾಯಿಸುವುದು, ಅದರ ಸವೆದ ರೂಪವಾದ ಕಾಸುವುದು, ದೋಸೆ ಹೊಯ್ಯುವ ಕಾವಲಿ, ಚಳಿಗಾಲದ ಬೆಳಗ್ಗೆ ಬೆನ್ನಿಗೆ ಬಿಸಿಲು ಕಾಯಿಸಿಕೊಳ್ಳುವುದು, ಎಲ್ಲವೂ ಈ ಒಲೆಯ ಮಕ್ಕಳೇ. ತಮಿಳರು ಇದೇ ಬೇರಿನಿಂದ ‘ಕಾಯ್ಚಲ್’ ಎಂಬ ಪದ ಮಾಡಿಕೊಂಡು ಜ್ವರಕ್ಕೆ ಅದನ್ನೇ ಹೆಸರಾಗಿಸಿದರು. ನಾವು ಜ್ವರಕ್ಕೆ ಸಂಸ್ಕೃತದ ಪದವನ್ನೇ ತಂದು, ಬಾಯಿಗೆ ಒಗ್ಗುವಂತೆ ‘ಜರ’ ಮಾಡಿಕೊಂಡು, ಉತ್ತರ ಕರ್ನಾಟಕದ ಕಡೆ ‘ಜ್ವರ ಬಂದಾವ’ ಎಂದು ಬಹುವಚನವನ್ನೂ ಕೊಟ್ಟು ಗೌರವಿಸಿದೆವು. ಆದರೆ ಕೂಸಿನ ಹಣೆ ಮುಟ್ಟಿ ನೋಡಿದ ಕೈ ಮಾತ್ರ ಈಗಲೂ ‘ಮೈ ಕಾಯ್ತಿದೆ’ ಎಂದೇ ವರದಿ ಒಪ್ಪಿಸುತ್ತದೆ.

ಹಾಗಾದರೆ ‘ಕಾಯಿಲೆ’ಯೂ ಈ ಮನೆಯದೇ ಎಂದು ಯಾರಿಗಾದರೂ ಅನ್ನಿಸೀತು, ಸಂಸ್ಕೃತ ಬಲ್ಲವರಿಗೆ ‘ಕಾಯ’ ಎಂದರೆ ದೇಹವಲ್ಲವೆ, ದೇಹಕ್ಕೆ ಬಂದದ್ದು ಕಾಯಿಲೆ ಎಂದೂ ತೋರೀತು. ಆಯುರ್ವೇದದ ಎಂಟು ಅಂಗಗಳಲ್ಲಿ ‘ಕಾಯಚಿಕಿತ್ಸೆ’ ಒಂದು, ಅಲ್ಲಿನ ಕಾಯವನ್ನು ವ್ಯಾಖ್ಯಾನಕಾರರು ಜಠರಾಗ್ನಿಯೆಂದೂ ಅರ್ಥೈಸುವುದುಂಟು. ಅಂದರೆ ಅಲ್ಲೂ ಬಿಸಿ ಇಣುಕುತ್ತದೆ, ಆಸೆ ಇನ್ನಷ್ಟು ಚಿಗುರುತ್ತದೆ. ಆದರೆ ಹಳೆಯ ಮೈಸೂರಿನ ಬರಹಗಳಲ್ಲಿ ಸಿಕ್ಕುವ ‘ಖಾಯಿಲೆ’, ‘ಕಾಹಿಲೆ’ ಎಂಬ ರೂಪಗಳನ್ನು ಅಲಕ್ಷಿಸುವಂತಿಲ್ಲ. ಆ ಮಹಾಪ್ರಾಣವೂ ನಡುವಿನ ಹಕಾರವೂ ಹಿಂದುಸ್ತಾನಿಯ ‘ಕಾಹಿಲ್’ ಕಡೆಗೆ, ಅಂದರೆ ಜಡನಾದವನು, ಮೈಗಳ್ಳ ಎಂಬ ಅರಬ್ಬಿ ಮೂಲದ ಮಾತಿನ ಕಡೆಗೆ ಕೈ ತೋರುತ್ತವೆ. ಮೈಯಲ್ಲಿ ಚೈತನ್ಯವಿಲ್ಲದೆ ಬಿದ್ದುಕೊಳ್ಳುವುದೇ ಕಾಹಿಲೆಯಾಗಿ, ಕನ್ನಡದ ಕಿವಿ ಅದರಲ್ಲಿ ತನ್ನ ‘ಕಾಯ್’ ಧ್ವನಿಯನ್ನೇ ಕೇಳಿಸಿಕೊಂಡು, ಹಕಾರವನ್ನು ಯಕಾರದಲ್ಲಿ ಕರಗಿಸಿ ಮನೆಯವಳನ್ನಾಗಿ ಮಾಡಿಕೊಂಡಿರಬೇಕು.

ಇನ್ನು ರಕ್ಷಣೆಯ ಧಾತು. ಇದರ ಹಳೆಯ ರೂಪ ಬರಿಯ ‘ಕಾ’. ‘ಎನ್ನ ಕಾವ ದೇವ’ ಎನ್ನುವಾಗ ಆ ‘ಕಾವ’ದಲ್ಲಿ ಯಕಾರದ ಸುಳಿವಿಲ್ಲ, ಭೂತಕಾಲದಲ್ಲಿ ‘ಕಾದಂ’, ನಾಮವಾದರೆ ‘ಕಾಪು’. ಕಾಪಾಡುವುದು, ಕಾಪಿಡುವುದು, ನಡುಗನ್ನಡದ ಕಾಹು, ಕಾಹಿನವರು, ಊರ ಕಾವಲು, ಕಾವಲುಗಾರ ಎಂದು ಇದರ ವಂಶ ದೊಡ್ಡದು. ಮೈಸೂರು ಸಂಸ್ಥಾನದಲ್ಲಿ ಅಮೃತಮಹಲ್ ರಾಸುಗಳಿಗೆಂದು ಕಾದಿಟ್ಟ ಹುಲ್ಲುಗಾವಲುಗಳಿಗೆ ‘ಕಾವಲು’ ಎಂದೇ ಹೆಸರು. ಚಳ್ಳಕೆರೆಯ ಉಳ್ಳಾರ್ತಿ ಕಾವಲು ಆ ಹೆಸರನ್ನು ಹೊತ್ತುಕೊಂಡಿದೆ. ರೈಲಿನ ಸೀಟನ್ನೂ ಅರಣ್ಯವನ್ನೂ ನಾವು ‘ಕಾಯ್ದಿರಿಸು’ವುದು ಇದೇ ಧಾತುವಿನ ಹೊಸ ಚಿಗುರು. ಪಕ್ಕದಲ್ಲೇ ನಿಂತು ಸಂಬಂಧಿಕನಂತೆ ನಗುವ ‘ಕಾಯ್ದೆ’ ಮಾತ್ರ ಅರಬ್ಬಿಯ ನೆಂಟ, ಈ ಪಂಕ್ತಿಗೆ ಸೇರಿದವನಲ್ಲ. ಯುದ್ಧ ಮಾಡು ಎಂಬರ್ಥದ ‘ಕಾದು’ ಬೇರೆಯೇ ಮನೆಯವನು.

ಈಗ ಸ್ವಾರಸ್ಯ ನೋಡಿ. ತಮಿಳಿನಲ್ಲಿ ಬಿಸಿಯಾಗುವ ‘ಕಾಯ್’ ಬೇರೆ, ಕಾಪಾಡುವ ‘ಕಾ’ ಬೇರೆ; ಇಬ್ಬರೂ ಇಂದಿಗೂ ತಂತಮ್ಮ ಜಗಲಿಯಲ್ಲಿ ಕೂತಿದ್ದಾರೆ. ತೆಲುಗಿನಲ್ಲಿ ‘ಕಾಚು’ ಎಂದರೆ ಕಾಯಿಸುವುದೂ ಹೌದು, ಕಾಪಾಡುವುದೂ ಹೌದು. ಕನ್ನಡದಲ್ಲಿ ‘ಕಾ’ ಒಂದು ಯಕಾರವನ್ನು ಸೇರಿಸಿಕೊಂಡು ‘ಕಾಯ್’ ಆದದ್ದೇ ತಡ, ಗೋಡೆ ಬಿದ್ದುಹೋಯಿತು. ಅಷ್ಟೇ ಅಲ್ಲ, ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ಉಟ್ಟರು: ಹಿಂದೆ ಬಿಸಿಯಾದದ್ದಕ್ಕಿದ್ದ ‘ಕಾಯ್ದ’ ಎಂಬ ರೂಪ ಇಂದು ಹೆಚ್ಚಾಗಿ ‘ಕುರಿ ಕಾಯ್ದ’ನಲ್ಲಿದೆ, ಹಿಂದೆ ಕಾಪಾಡಿದ್ದಕ್ಕಿದ್ದ ‘ಕಾದ’ ಎಂಬುದು ‘ಕಾದ ಎಣ್ಣೆ’ಯಲ್ಲಿದೆ. ‘ಬೆಂಕಿ ಕಾಯುತ್ತ ಕೂತ’ ಎಂದರೆ ಚಳಿ ಬಿಡಿಸಿಕೊಳ್ಳುತ್ತಿದ್ದನೋ ಬೆಂಕಿ ಆರದಂತೆ ನೋಡಿಕೊಳ್ಳುತ್ತಿದ್ದನೋ ಎಂದು ಹೇಳುವುದು ಕಷ್ಟ. ಕೋಳಿ ಕಾವಿಗೆ ಕೂತರಂತೂ ಅದು ಮೊಟ್ಟೆಗಳಿಗೆ ಬಿಸಿಯನ್ನೂ ಕೊಡುತ್ತಿರುತ್ತದೆ, ಹತ್ತಿರ ಬಂದವರನ್ನು ಕುಕ್ಕುತ್ತಲೂ ಇರುತ್ತದೆ. ಎರಡು ಧಾತುಗಳನ್ನು ಬೇರ್ಪಡಿಸಬೇಕೆಂಬ ಹಠ ಅದಕ್ಕಿಲ್ಲ.

ಮೂರನೆಯ ಅರ್ಥ, ಯಾರಿಗಾಗಿಯೋ ಯಾತಕ್ಕಾಗಿಯೋ ಕಾಯುವುದು, ಎರಡನೆಯದರ ಮಗಳು. ‘ಹಾದಿ ಕಾಯು’ ಎಂಬ ನುಡಿಗಟ್ಟೇ ಅವರಿಬ್ಬರ ನಡುವಿನ ಸೇತುವೆ: ಹಾದಿಯನ್ನು ಕಾವಲು ಕಾಯುವವನು ಅದರ ಮೇಲೆ ಕಣ್ಣಿಟ್ಟಿರುತ್ತಾನೆ, ಕಣ್ಣಿಟ್ಟವನು ಬರುವವರನ್ನು ಎದುರು ನೋಡುತ್ತಿರುತ್ತಾನೆ. ಸಂಸ್ಕೃತದ ‘ಪ್ರತೀಕ್ಷೆ’, ‘ನಿರೀಕ್ಷೆ’ಗಳಲ್ಲೂ ಇರುವುದು ನೋಡುವ ಧಾತುವೇ. ಇದೇ ಬಗೆಯಲ್ಲಿ ‘ಆರೈಕೆ’ಯನ್ನು ಬಿಡಿಸಿದರೆ ಒಳಗೆ ‘ಆರಯ್’ ಇದೆ, ಅಂದರೆ ಹುಡುಕಿ ನೋಡು, ಪರೀಕ್ಷಿಸು. ತಮಿಳರು ಸಂಶೋಧನೆಗೆ ಹೇಳುವ ‘ಆರಾಯ್ಚಿ’ ಇದರ ಒಡಹುಟ್ಟು. ಇನ್ನು ನಾವು ದಿನಬೆಳಗಾದರೆ ಹೇಳುವ ‘ಮಗೂನ ನೋಡ್ಕೋ’ ಎಂಬ ಮಾತಿಗೆ ವ್ಯಾಖ್ಯಾನವೇ ಬೇಡ. ಕಾಯ್, ಆರೈಕೆ, ನೋಡಿಕೊಳ್ಳು: ಕನ್ನಡದಲ್ಲಿ ಪಾಲನೆಯೆಂಬುದು ಕೈಗಿಂತ ಮೊದಲು ಕಣ್ಣಿನ ಕೆಲಸ.

ಜ್ವರದ ಜೊತೆ ಮೈಮೇಲೆ ದದ್ದು ಎದ್ದ ಕೂಸಿನ ವಿಷಯದಲ್ಲಿ ಇದು ಅಕ್ಷರಶಃ ನಿಜ. ದದ್ದು ಎಂಬುದೇ ಸಂಸ್ಕೃತದ ‘ದದ್ರು’ವಿನ ತದ್ಭವ, ಅಲ್ಲಿ ಒಂದು ಬಗೆಯ ಚರ್ಮರೋಗಕ್ಕೆ ಮೀಸಲಾಗಿದ್ದದ್ದು ಇಲ್ಲಿ ಮೈಮೇಲೆ ಕೆಂಪಗೆ ಏಳುವ ಎಲ್ಲದಕ್ಕೂ ಹಬ್ಬಿದೆ. ಹೀಗೆ ಹಬ್ಬಿದ ಪದದೊಳಗೆ ಯಾವುದು ಯಾವುದೆಂದು ತಿಳಿಯಬೇಕಾದರೆ ಮೊದಲು ಬಂದದ್ದು ಏನು, ಆಮೇಲೆ ಬಂದದ್ದು ಏನು ಎಂದು ನೋಡಿಟ್ಟುಕೊಂಡಿರಬೇಕು. ಮೂರರಿಂದ ಐದು ದಿನ ಸುಡುವ ಜ್ವರ ಬಂದು, ಅದು ಬಿಟ್ಟ ಮೇಲೆ ಎದೆ ಬೆನ್ನಿನ ಮೇಲೆ ನಸುಗೆಂಪು ದದ್ದು ಎದ್ದರೆ, ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಿಗೆ ಬರುವ, ತಾನಾಗಿಯೇ ಹೋಗುವ ರೋಸಿಯೋಲಾ ಇರಬಹುದು. ಕೆಮ್ಮು, ನೆಗಡಿ, ಕೆಂಗಣ್ಣುಗಳ ಜೊತೆ ಜ್ವರ ಏರುತ್ತ, ನಾಲ್ಕನೆಯ ದಿನದ ಹೊತ್ತಿಗೆ ದದ್ದು ಕಿವಿಯ ಹಿಂದೆ, ಮುಖದ ಮೇಲೆ ಹುಟ್ಟಿ ಕೆಳಕೆಳಗೆ ಇಳಿದು ಬಂದರೆ ಅದು ದಡಾರದ ನಡೆ, ವೈದ್ಯರಿಗೆ ತೋರಿಸಲೇಬೇಕಾದದ್ದು. ಒಂಬತ್ತನೆಯ ತಿಂಗಳು ತುಂಬಿದ ಮೇಲೆ ಹಾಕಿಸುವ ದಡಾರ-ರುಬೆಲ್ಲಾ ಲಸಿಕೆಯಾಗಿ 7ರಿಂದ 12 ದಿನಕ್ಕೆ ಸಣ್ಣ ಜ್ವರವೂ ತೆಳುವಾದ ದದ್ದೂ ಕಾಣಿಸಿಕೊಳ್ಳುವುದುಂಟು. ನಮ್ಮ ಹಿರಿಯರು ಜ್ವರದೊಡನೆ ಏಳುವ ಇಂಥ ದದ್ದನ್ನು ‘ಅಮ್ಮ ಬಂದಿದ್ದಾಳೆ’ ಎಂದು ಕರೆದು, ಕಾಯ್ದವಳೂ ಕಾಯುವವಳೂ ಒಬ್ಬಳೇ ಎಂದು ನಂಬಿ, ಮೊಸರನ್ನ ತಂಬಿಟ್ಟುಗಳಿಂದ ಅವಳನ್ನು ತಂಪು ಮಾಡುತ್ತಿದ್ದರು. ಇಂದು ಕೂಸಿಗೆ ಬೇಕಾದ ತಂಪು ಸರಳವಾದದ್ದು: ತೆಳುವಾದ ಹತ್ತಿಬಟ್ಟೆ, ಮತ್ತೆ ಮತ್ತೆ ಎದೆಹಾಲು, ವೈದ್ಯರು ತೂಕ ನೋಡಿ ಹೇಳಿದಷ್ಟೇ ಪ್ಯಾರಾಸಿಟಮಾಲ್. ಕಂಬಳಿ ಹೊದಿಸಿ ಬೆವರಿಸುವುದೂ ತಣ್ಣೀರು ಹಚ್ಚಿ ನಡುಗಿಸುವುದೂ ಬೇಡ. ಆಸ್ಪಿರಿನ್ ಅಂತೂ ಕೂಡದು.

ಕೊನೆಗೆ, ಒಂದೇ ರೂಪಕ್ಕೆ ಬಂದು ನಿಂತ ಈ ಮೂರು ಅರ್ಥಗಳನ್ನು ಕನ್ನಡ ಹೇಗೆ ನಿಭಾಯಿಸುತ್ತಿದೆ? ವಿಭಕ್ತಿಯಿಂದ. ಮಗುವಿನ ಮೈ ಕಾಯುತ್ತದೆ, ಇಲ್ಲಿ ಕರ್ಮಪದವೇ ಇಲ್ಲ. ಮಗುವನ್ನು ಕಾಯುತ್ತಾಳೆ, ಇದು ದ್ವಿತೀಯೆ. ಜ್ವರ ಬಿಡುವುದಕ್ಕೆ ಕಾಯುತ್ತಾಳೆ, ಇದು ಚತುರ್ಥಿ. ಧಾತುಗಳ ನಡುವೆ ಬಿದ್ದ ಗೋಡೆಯನ್ನು ಪ್ರತ್ಯಯಗಳು ಹೀಗೆ ಮತ್ತೆ ಕಟ್ಟಿಕೊಂಡಿವೆ. ತೊಟ್ಟಿಲ ಪಕ್ಕದಲ್ಲಿ ಈ ವ್ಯಾಕರಣ ಬರಿಯ ಪಾಂಡಿತ್ಯವಾಗಿ ಉಳಿಯುವುದಿಲ್ಲ. ಮೂರು ತಿಂಗಳೊಳಗಿನ ಹಸುಗೂಸಿನ ಮೈ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಗಾಜಿನ ಲೋಟ ಒತ್ತಿದರೂ ದದ್ದಿನ ಬಣ್ಣ ಮಾಸದಿದ್ದರೆ (ಕಪ್ಪು ಮೈಬಣ್ಣದ ಮಕ್ಕಳಲ್ಲಿ ಅಂಗೈ ಅಂಗಾಲು ನೋಡಬೇಕು), ಮಗು ಹಾಲು ಬಿಟ್ಟು ಮಂಕಾದರೆ, ಉಸಿರು ಏದುಸಿರಾದರೆ, ಫಿಟ್ಸ್ ಬಂದರೆ, ಆಗ ಚತುರ್ಥಿಯನ್ನು ಕೈಬಿಟ್ಟು ದ್ವಿತೀಯೆಯೊಂದನ್ನೇ ಹಿಡಿದು ಆಸ್ಪತ್ರೆಗೆ ಹೊರಡಬೇಕು. ಮಗುವನ್ನು ಕಾಯುವುದಕ್ಕಾಗಿ ಜ್ವರ ಬಿಡುವುದಕ್ಕೆ ಕಾಯದೆ ಇರಬೇಕಾದ ಹೊತ್ತೂ ಉಂಟು.