ಲ್ಯಾಪ್‌ಟಾಪಿನ ಪರದೆ, ಭದ್ರಾವತಿಯ ಕುಲುಮೆ

ಹೋದ ತಿಂಗಳು ಶಿವಮೊಗ್ಗದ ಮನೇಲಿ ಕೂತು ಹಳೆ ಲ್ಯಾಪ್‌ಟಾಪಿಗೆ ಬೇರೆ ಮಾಡೆಲ್ಲಿನ ಐಪಿಎಸ್ ಪ್ಯಾನೆಲ್ ಹಾಕಿದೆ. ಅಳತೆ, ಕನೆಕ್ಟರ್, ವೋಲ್ಟೇಜ್ ಮೂರೂ ಹೊಂದಿದ್ದರಿಂದ ಮಿಕ್ಕ ಮಶೀನು ಹಾಗೇ ಉಳೀತು. ಇಂಥದ್ದೇ ಕೆಲಸವನ್ನ ಪಕ್ಕದ ಭದ್ರಾವತಿ ಎಂದೋ ಮಾಡಿತ್ತು.

ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಎದ್ದ ಅಲ್ಲಿನ ಕಾರ್ಖಾನೆಯಲ್ಲಿ 1923ರ ಜನವರಿಯಿಂದ ಕಬ್ಬಿಣ ಹರಿಯತೊಡಗಿತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಮರದ್ದು. ಇದ್ದಿಲಿಗೆ ಎರಡು ಕೆಲಸ: ಕಾವು ಕೊಡೋದು, ಅದಿರಿನಿಂದ ಆಮ್ಲಜನಕ ಕಿತ್ತುಕೊಳ್ಳೋದು. ಕುಲುಮೆಯ ಹಸಿವಿಗೆ ಕಾಡು ಎಷ್ಟು ದಿನ ತಡೆದೀತು?

1948ರಲ್ಲಿ ಜೋಗದ ವಿದ್ಯುತ್ ಕೇಂದ್ರ ಶುರುವಾಯ್ತು. 1952ರಲ್ಲಿ ಭದ್ರಾವತಿಗೆ ಎರಡು ವಿದ್ಯುತ್ ಕುಲುಮೆ ಬಂದವು. ಗಣಿ, ರೈಲು, ಕೆಲಸಗಾರರು ಎಲ್ಲ ಅವೇ. ಇವುಗಳಲ್ಲಿ ಕಾವಿನ ಕೆಲಸ ಕರೆಂಟಿನದು. ಆಮ್ಲಜನಕ ಕೀಳೋಕೆ ಮಾತ್ರ ಇಂಗಾಲ ಬೇಕೇ ಬೇಕು. ಅಂದ್ರೆ ಅಷ್ಟೇ ಕಬ್ಬಿಣಕ್ಕೆ ಇದ್ದಿಲು ಕಡಿಮೆ ಸಾಕು.

ಆದರೆ ಜೋಗದ ಕರೆಂಟು ಪುಕ್ಕಟೆ ಬಂದದ್ದಲ್ಲ. ಅದಕ್ಕೆಂದು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟಿನ ಹಿನ್ನೀರಿಗೆ ಶರಾವತಿ ಕಣಿವೆಯ ಮಂದಿ ಮನೆ, ಹೊಲ ಬಿಟ್ಟರು. 1964ರಲ್ಲಿ ಲಿಂಗನಮಕ್ಕಿ ಬಂದಾಗ ಆ ಅಣೆಕಟ್ಟೇ ಮುಳುಗಿತು.

ಕಬ್ಬಿಣದ ಲೆಕ್ಕ ಬರೆಯುವಾಗ ಉಳಿದ ಮರದ ಜೊತೆ ಮುಳುಗಿದ ಊರನ್ನೂ ಸೇರಿಸಬೇಕು ಅನ್ಸುತ್ತೆ. ನೀವೇನಂತೀರಿ?