ಪರಿಚಯವಿಲ್ಲದ ಎರಡು ಮನೆಗಳು

1871ರ ಡಿಸೆಂಬರ್ 23ರಂದು ಯೊಕೊಹಾಮಾ ಬಂದರಿನಿಂದ ಅಮೆರಿಕದತ್ತ ಹೊರಟ ಹಡಗಿನಲ್ಲಿ ಐವರು ಹುಡುಗಿಯರಿದ್ದರು. ಪಶ್ಚಿಮದ ದೇಶಗಳನ್ನು ನೋಡಿ ಕಲಿತು ಬರಲು ಜಪಾನಿನ ಹೊಸ ಸರ್ಕಾರ ಕಳಿಸಿದ ಇವಾಕುರಾ ನಿಯೋಗದ ಹಡಗು ಅದು. ಹುಡುಗಿಯರು ಸರ್ಕಾರದ ಖರ್ಚಿನಲ್ಲಿ ಹತ್ತು ವರ್ಷ ಅಲ್ಲೇ ಇದ್ದು ಓದಬೇಕಿತ್ತು. ಎಲ್ಲರಿಗಿಂತ ಚಿಕ್ಕವಳು ತ್ಸುದಾ ಉಮೆ. ಅವಳಿಗೆ ಏಳು ತುಂಬಲು ಇನ್ನೂ ಒಂದು ವಾರ ಬಾಕಿಯಿತ್ತು. ತಾನು ಯಾರ ಮನೆಯಲ್ಲಿ ಬೆಳೆಯಲಿದ್ದೇನೆ ಎಂಬುದು ಅವಳಿಗೂ ಗೊತ್ತಿರಲಿಲ್ಲ, ಕಳಿಸಿಕೊಟ್ಟ ಅಪ್ಪ ಅಮ್ಮನಿಗೂ ಗೊತ್ತಿರಲಿಲ್ಲ.

ಓದಲೆಂದು ಸಮುದ್ರ ದಾಟಿದ ಹತ್ತೊಂಬತ್ತನೇ ಶತಮಾನದ ಹೆಣ್ಣುಮಕ್ಕಳು ನನ್ನ ಸಂಶೋಧನೆಯ ವಿಷಯ. ಮುಂದಿನ ವರ್ಷ ನಾನೂ ಆರು ತಿಂಗಳ ಮಟ್ಟಿಗೆ ವಿನಿಮಯ ವಿದ್ಯಾರ್ಥಿನಿಯಾಗಿ ಹೊರಡಲಿದ್ದೇನೆ. ಅಲ್ಲಿ ನನ್ನನ್ನು ಇರಿಸಿಕೊಳ್ಳುವ ಮನೆಯವರ ಫೋಟೊ, ಊರು, ಅವರ ನಾಯಿಯ ಹೆಸರು ಎಲ್ಲವೂ ಈಗಾಗಲೇ ನನ್ನ ಕೈಸೇರಿದೆ. ಮಾಂಸ ತಿನ್ನುತ್ತೀರಾ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂಬ ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸಿದ್ದೇನೆ. ನಮ್ಮಲ್ಲಿ ಹಿಂದೆ ವಾರಾನ್ನದ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಂಡು ಓದುತ್ತಿದ್ದರಲ್ಲ, ಅಲ್ಲೂ ಯಾರಾದರೂ ಹಿರಿಯರು ಮೊದಲೇ ಹೋಗಿ ಮಾತಾಡಿ ಬರುತ್ತಿದ್ದರು. ಅದೆಲ್ಲ ಬಹುಮಟ್ಟಿಗೆ ಜಾತಿಯ ಗಡಿಯೊಳಗೇ ನಡೆಯುತ್ತಿದ್ದುದರಿಂದ ಊಟದ ಮನೆ ತೀರಾ ಅಪರಿಚಿತ ಎನ್ನಿಸುತ್ತಿರಲಿಲ್ಲ. ಆ ಐವರಿಗೆ ಇಂಥ ಯಾವ ಆಸರೆಯೂ ಇರಲಿಲ್ಲ.

ಹೆತ್ತವರು ಒಪ್ಪಿದ್ದಾದರೂ ಹೇಗೆ? ಹೆಣ್ಣುಮಕ್ಕಳು ಬೇಕೆಂದು ಸರ್ಕಾರ ಮೊದಲು ಕೇಳಿದಾಗ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಒಪ್ಪಿದ ಐದೂ ಮನೆಗಳು ಕೆಲವೇ ವರ್ಷಗಳ ಹಿಂದಿನ ಅಂತರ್ಯುದ್ಧದಲ್ಲಿ ಸೋತ ಪಕ್ಷದ ಸಮುರಾಯ್ ಮನೆತನಗಳು. ಮಗಳ ಮೂಲಕವಾದರೂ ಹೊಸ ಕಾಲದಲ್ಲಿ ಒಂದು ಕಾಲೂರುವ ಜಾಗ ಸಿಕ್ಕೀತು ಎಂಬ ಆಸೆ ಇದರ ಹಿಂದೆ ಇದ್ದಿರಬೇಕು. ಹನ್ನೊಂದು ವರ್ಷದ ಯಾಮಾಕಾವಾ ಹುಡುಗಿಗೆ ಅವಳ ತಾಯಿ ಹೊರಡುವ ಮುನ್ನ ಸುತೆಮಾತ್ಸು ಎಂದು ಹೊಸ ಹೆಸರಿಟ್ಟಳು. ‘ಸುತೆ’ ಎಂದರೆ ಬಿಟ್ಟುಬಿಡುವುದು. ‘ಮಾತ್ಸು’ ಎಂದರೆ ಪೈನ್ ಮರ, ಆದರೆ ಕಿವಿಗೆ ಅದು ‘ಕಾಯುವುದು’ ಎಂದೂ ಕೇಳುತ್ತದೆ. ಬಿಟ್ಟುಕೊಟ್ಟು ಕಾಯುವ ತಾಯಿಯ ಸಂಕಟವೆಲ್ಲ ಆ ಒಂದು ಹೆಸರಿನಲ್ಲಿದೆ.

ವಾಷಿಂಗ್ಟನ್ನಿನಲ್ಲಿ ಹುಡುಗಿಯರಿಗೆ ಮನೆ ಹುಡುಕುವ ಹೊಣೆ ಜಪಾನಿನ ರಾಜತಾಂತ್ರಿಕ ಮೋರಿ ಅರಿನೋರಿಯ ಹೆಗಲಿಗೆ ಬಿತ್ತು. ಹಿರಿಯರಿಬ್ಬರು ವರ್ಷ ತುಂಬುವ ಮೊದಲೇ ಜಪಾನಿಗೆ ಮರಳಿದರು. ಸುತೆಮಾತ್ಸು ನ್ಯೂ ಹೇವನ್ನಿನ ಪಾದ್ರಿ ಲಿಯೊನಾರ್ಡ್ ಬೇಕನ್ ಅವರ ಮನೆ ಸೇರಿದಳು, ನಾಗಾಯಿ ಶಿಗೆ ಅಲ್ಲೇ ಹತ್ತಿರದ ಅಬಟ್ ಅವರ ಮನೆಗೆ ಹೋದಳು. ಉಮೆಯನ್ನು ಮೋರಿಯ ಕಚೇರಿಯಲ್ಲೇ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಲ್ಯಾನ್‌ಮನ್ ಮತ್ತು ಅವರ ಹೆಂಡತಿ ಅಡೆಲಿನ್ ಜಾರ್ಜ್‌ಟೌನಿನ ತಮ್ಮ ಮನೆಗೆ ಕರೆದುಕೊಂಡು ಹೋದರು. ಅವರಿಗೆ ಮಕ್ಕಳಿರಲಿಲ್ಲ. ಹತ್ತು ವರ್ಷದಲ್ಲಿ ಉಮೆ ಆ ಮನೆಯ ಮಗಳೇ ಆದಳು. ಮನೆಯವರ ಗುರುತು ಪರಿಚಯ ಮೊದಲೇ ಇಲ್ಲದಿದ್ದರೂ ನಡೆದುಹೋಯಿತು, ಏಕೆಂದರೆ ಮಗು ಆ ಮನೆಯೊಳಗೇ ಬೆಳೆಯಿತು.

ಕಷ್ಟ ಶುರುವಾದದ್ದು ಮರಳಿದ ಮೇಲೆ. 1882ರ ನವೆಂಬರಿನಲ್ಲಿ ಉಮೆ ಮತ್ತು ಸುತೆಮಾತ್ಸು ಯೊಕೊಹಾಮಾದಲ್ಲಿ ಇಳಿದರು. ಹದಿನೆಂಟು ತುಂಬಲಿದ್ದ ಉಮೆಗೆ ಜಪಾನಿ ಭಾಷೆಯೇ ಮರೆತುಹೋಗಿತ್ತು. 1867ರಲ್ಲೇ ಅಮೆರಿಕಕ್ಕೆ ಹೋಗಿಬಂದಿದ್ದ ಅಪ್ಪ ತ್ಸುದಾ ಸೆನ್‌ಗೆ ಇಂಗ್ಲಿಷ್ ಬರುತ್ತಿತ್ತು. ಅಮ್ಮನೊಂದಿಗೆ ಮಾತಾಡಬೇಕೆಂದರೆ ಮಾತು ಕಲಿಯಬೇಕಿತ್ತು. ತಾನು ಎಂದೂ ನೋಡಿರದ ತಮ್ಮ ತಂಗಿಯರು ಮನೆಯಲ್ಲಿದ್ದರು. ಕೂರುವ ರೀತಿ, ಬಾಗುವ ರೀತಿ, ಉಣ್ಣುವ ರೀತಿ ಎಲ್ಲವನ್ನೂ ನೋಡಿ ಕಲಿಯಬೇಕಾದ ಅತಿಥಿ ಅವಳು; ಅತಿಥೇಯರು ಹೆತ್ತವರು. ಕಳಿಸಿದ ಸರ್ಕಾರವೂ ಅವಳಿಗಾಗಿ ಕಾದು ಕೂತಿರಲಿಲ್ಲ. ಈ ಯೋಜನೆಯನ್ನು ನಡೆಸಿದ್ದ ಹೊಕ್ಕೈಡೊ ಅಭಿವೃದ್ಧಿ ಇಲಾಖೆಯನ್ನು ಅದೇ ವರ್ಷ ಮುಚ್ಚಲಾಗಿತ್ತು. ವಿದೇಶದಲ್ಲಿ ಓದಿ ಬಂದ ಗಂಡಸರಿಗೆ ಹುದ್ದೆಗಳು ಸಿಗುತ್ತಿದ್ದವು. ವಾಸರ್ ಕಾಲೇಜಿನ ಪದವಿ ಹಿಡಿದು ಬಂದ ಸುತೆಮಾತ್ಸುಗೂ ತಕ್ಕ ಕೆಲಸ ಸಿಗಲಿಲ್ಲ. ಮರುವರ್ಷ ಅವಳು ಸೇನಾಧಿಕಾರಿ ಓಯಾಮಾ ಇವಾವೊನನ್ನು ಮದುವೆಯಾದಳು.

ಇದೆಲ್ಲ ನಮಗೆ ಇಷ್ಟು ಹತ್ತಿರದಿಂದ ಗೊತ್ತಾಗುವುದು ಉಮೆ ಅಡೆಲಿನ್ ಲ್ಯಾನ್‌ಮನ್‌ಗೆ ಬರೆದ ನೂರಾರು ಪತ್ರಗಳಿಂದ. 1984ರಲ್ಲಿ ಅವು ಟೋಕಿಯೊದಲ್ಲಿ, ಉಮೆಯೇ ಕಟ್ಟಿದ ಕಾಲೇಜಿನ ಅಟ್ಟದಲ್ಲಿ ಸಿಕ್ಕವು. ಸಾಮಾನ್ಯವಾಗಿ ಮಗಳು ಪರದೇಶದಿಂದ ಹೆತ್ತಮ್ಮನಿಗೆ ಬರೆಯುತ್ತಾಳೆ. ಇಲ್ಲಿ ಮಗಳು ಹೆತ್ತಮ್ಮನ ಮನೆಯಲ್ಲಿ ಕೂತು, ಆ ಮನೆಯನ್ನು ಅರ್ಥ ಮಾಡಿಕೊಳ್ಳುತ್ತಾ, ಇನ್ನೊಬ್ಬ ಅಮ್ಮನಿಗೆ ಬರೆಯುತ್ತಿದ್ದಾಳೆ.

ಆ ಒಂಟಿತನದಿಂದ ಉಮೆ ಒಂದು ದಾರಿ ಮಾಡಿದಳು. 1889ರಲ್ಲಿ ಬ್ರಿನ್ ಮಾರ್ ಕಾಲೇಜಿಗೆ ತಾನೇ ಬಯಸಿ ಹೋದಾಗ, ಫಿಲಡೆಲ್ಫಿಯಾದ ಗೆಳತಿಯರ ನೆರವಿನಿಂದ ಜಪಾನಿ ಹೆಣ್ಣುಮಕ್ಕಳಿಗಾಗಿ ವಿದ್ಯಾರ್ಥಿವೇತನದ ನಿಧಿ ಕೂಡಿಸಿದಳು. 1900ರಲ್ಲಿ ಹತ್ತು ವಿದ್ಯಾರ್ಥಿನಿಯರೊಂದಿಗೆ ಟೋಕಿಯೊದಲ್ಲಿ ಶಾಲೆ ತೆರೆದಳು. ಅಲ್ಲಿ ಪಾಠ ಹೇಳಲು ಬಂದವರಲ್ಲಿ ಸುತೆಮಾತ್ಸು ಬೆಳೆದ ಮನೆಯ ಮಗಳು ಆಲಿಸ್ ಬೇಕನ್ ಕೂಡ ಇದ್ದಳು. ಅವರ ನಂತರ ಹೊರಟ ಹುಡುಗಿಯರಿಗೆ ಎರಡೂ ದಡ ಬಲ್ಲ ಹಿರಿಯಕ್ಕಂದಿರಿದ್ದರು, ಹೋಗುವಾಗಲೂ ಮರಳಿ ಬಂದಾಗಲೂ.

ಜಪಾನಿನ ಐದು ಸಾವಿರ ಯೆನ್ ನೋಟಿನ ಮೇಲೆ 2024ರಿಂದ ಉಮೆಯ ಮುಖವಿದೆ. ಅವಳ ಕತೆಯನ್ನು ಹೆಚ್ಚಿನವರು ಏಳು ತುಂಬದ ಮಗುವಿನ ಹಡಗು ಪ್ರಯಾಣದಿಂದ ಶುರು ಮಾಡುತ್ತಾರೆ. ನನ್ನ ಪ್ರಬಂಧದಲ್ಲಿ ಅವಳ ಅಧ್ಯಾಯ 1882ರ ನವೆಂಬರಿನಿಂದ, ಸ್ವಂತ ಮನೆಯ ಬಾಗಿಲಲ್ಲಿ ಮಾತು ಬಾರದೆ ನಿಂತ ಹುಡುಗಿಯಿಂದ ಶುರುವಾಗುತ್ತದೆ.