ಜಡೆಯೂ ಕುಪ್ಪಾಯವೂ

ನಮ್ಮ ಮನೆಯ ಚಾವಡಿಯ ಗೋಡೆಯಲ್ಲಿ 1954ರ ಒಂದು ಪಟವಿದೆ. ನಾಲ್ಕು ವರ್ಷದ ಮಗುವೊಂದು ಜರಿಯಂಚಿನ ಲಂಗ ಉಟ್ಟು, ಜಡೆ ತುಂಬ ಮಲ್ಲಿಗೆ ಮುಡಿದು, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ನಿಂತಿದೆ. ಬಂದವರು "ನಿಮ್ಮ ಅಕ್ಕನೋ?" ಎಂದು ಕೇಳುವುದುಂಟು. ಅಕ್ಕನಲ್ಲ, ನಾನೇ. ಕೂದಲನ್ನು ದೇವರಿಗೆ ಒಪ್ಪಿಸುವ ಮೊದಲು ಗಂಡುಮಗುವಿಗೂ ಒಮ್ಮೆ ಹೀಗೆ ಜಡೆ ಹೆಣೆದು ಪಟ ತೆಗೆಸುವುದು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿದ್ದ ರೂಢಿ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ಹೊತ್ತಿಗೆ ನಾನು ತಲೆ ಬೋಳಿಸಿಕೊಂಡು, ಚಡ್ಡಿ ಅಂಗಿ ತೊಟ್ಟು ಕ್ರೈಸ್ತ ಶಾಲೆಯೊಂದರ ಬೆಂಚಿನ ಮೇಲೆ ಕುಳಿತಾಗಿತ್ತು. ಹುಡುಗರ ಕೂದಲು ಕಿವಿಗೆ ತಾಗಬಾರದು, ಹುಡುಗಿಯರದು ಎರಡು ಜಡೆ, ಮಡಚಿ ಕಟ್ಟಿದ ರಿಬ್ಬನು, ಹೂ ಕೂಡದು. ಮುಂದೆ ಅಂಥದೇ ಇನ್ನೊಂದು ಎಯ್ಡೆಡ್ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಅಧ್ಯಾಪಕನಾಗಿದ್ದು ಈ ಕಟ್ಟಳೆಗಳನ್ನು ಕಾಯುವ ಕೆಲಸವನ್ನು ನಾನೇ ಮಾಡಿದೆ. ಇವು ಅನಾದಿಯಿಂದ ಬಂದವೆಂದೇ ನನ್ನ ನಂಬಿಕೆ. ನಿವೃತ್ತನಾದ ಮೇಲೆ ಓದುತ್ತ ಕುಳಿತಾಗ ಇವುಗಳ ವಯಸ್ಸು ತಿಳಿಯಿತು.

ಈ ಸಂಚಿಕೆಯ ಮಲಯಾಳ ಪುಟಗಳನ್ನು ಓದುವವರಿಗೆ ‘ಮಾರು ಮರಯ್ಕಲ್ ಸಮರ’ ಹೊಸ ಸಂಗತಿಯಲ್ಲ. ನಮ್ಮ ಕನ್ನಡ ಮನೆಗಳಲ್ಲಿ ಅದನ್ನು ಬಲ್ಲವರು ಕಡಿಮೆ. ದಕ್ಷಿಣ ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚುವಂತಿರಲಿಲ್ಲ. ಮೇಲ್ವಸ್ತ್ರ ಮೇಲುಜಾತಿಯ ಹಕ್ಕು. ಲಂಡನ್ ಮಿಶನ್ನಿನವರು ನಾಗರಕೋವಿಲಿನ ಕಡೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಮಿಶನರಿಗಳ ಪತ್ನಿಯರು ಲೇಸ್ ಹೆಣೆಯುವುದನ್ನೂ ಹೊಲಿಗೆಯನ್ನೂ ಕಲಿಸಿದರು, ಸಡಿಲವಾದ ಕುಪ್ಪಾಯ ತೊಡಿಸಿದರು. ಮತಾಂತರವಾದವರು ಕುಪ್ಪಾಯ ತೊಡಬಹುದೆಂದು 1810ರ ದಶಕದಲ್ಲಿ ಕರ್ನಲ್ ಮನ್ರೋ ಅನುಮತಿ ಕೊಟ್ಟಿದ್ದ. ಆದರೆ ಹುಡುಗಿಯರು ಕುಪ್ಪಾಯದ ಮೇಲೆ ಮೇಲುಜಾತಿಯವರಂತೆ ಮೇಲ್ವಸ್ತ್ರವನ್ನೂ ಹೊದ್ದಾಗ ಸಂತೆಯಲ್ಲಿ, ಬೀದಿಯಲ್ಲಿ ಅವರ ಬಟ್ಟೆ ಹರಿದರು. ಶಾಲೆಗಳಿಗೂ ಆರಾಧನಾ ಮಂದಿರಗಳಿಗೂ ಬೆಂಕಿ ಬಿತ್ತು. 1829ರಲ್ಲಿ ಮೇಲ್ವಸ್ತ್ರ ಕೂಡದೆಂದು ರಾಜಾಜ್ಞೆ ಹೊರಟಿತು. ಗಲಭೆ ಮತ್ತೆ ಎದ್ದು, ಮದರಾಸಿನ ಗವರ್ನರ್ ಟ್ರೆವೆಲ್ಯನ್ ಒತ್ತಾಯ ತಂದ ಮೇಲೆ, 1859ರ ಜುಲೈ 26ರ ಆಜ್ಞೆ ಎಲ್ಲ ನಾಡಾರ್ ಹೆಂಗಸರಿಗೂ ಎದೆ ಮುಚ್ಚಲು ಬಿಟ್ಟಿತು. ಆಗಲೂ ಒಂದು ಕೊಕ್ಕೆ: ಮೇಲುಜಾತಿಯವರ ಹಾಗೆ ಉಡಬಾರದು! (ನಮ್ಮನ್ನು ಕೇರಳಕ್ಕೆ ಸೇರಿಸಿದ ದಿನವೇ ನಾಗರಕೋವಿಲು ಮದರಾಸು ರಾಜ್ಯಕ್ಕೆ ಹೋಯಿತು. ಗಡಿಯ ನೋವು ಅವರಿಗೂ ಗೊತ್ತು.)

ಆದುದರಿಂದ ಮಿಶನ್ ಶಾಲೆಯ ಉಡುಪನ್ನು ಹಳಿಯುವವರ ಸಾಲಿಗೆ ನಾನು ಸೇರುವವನಲ್ಲ. ಆ ಕುಪ್ಪಾಯಕ್ಕಾಗಿ ಹೆಂಗಸರು ಪೆಟ್ಟು ತಿಂದಿದ್ದಾರೆ.

ನಮ್ಮ ಕರಾವಳಿಗೆ ಬಾಸೆಲ್ ಮಿಶನ್ ಬಂದುದು 1834ರಲ್ಲಿ, ಮಂಗಳೂರಿಗೆ. 1839ರಲ್ಲಿ ಗುಂಡರ್ಟ್ ದಂಪತಿಗಳು ತಲಶೇರಿಗೆ ಬಂದರು. ಗುಂಡರ್ಟರು ನಿಘಂಟಿಗೆ ಮಾತು ಕೂಡಿಸುತ್ತಿದ್ದಾಗ ಅವರ ಪತ್ನಿ ಜೂಲಿ ಹುಡುಗಿಯರ ಶಾಲೆ ನಡೆಸುತ್ತಿದ್ದರು. ಅಂಥ ಶಾಲೆಗಳಲ್ಲಿ ಹೆಣ್ಣುಮಕ್ಕಳ ಕೈಗೆ ಪುಸ್ತಕದ ಜೊತೆಗೇ ಸೂಜಿಯೂ ಬಂತು.

ಹುಡುಗರ ತಲೆಯ ವಿಷಯದಲ್ಲಿ ಮಾತ್ರ ಪಾದ್ರಿಗಳಲ್ಲೇ ಒಮ್ಮತವಿರಲಿಲ್ಲ. ಜುಟ್ಟು ಕತ್ತರಿಸಲೇಬೇಕೆಂದು ಕೆಲವರು ಹಟ ಹಿಡಿದರು. ತಿರುನೆಲ್ವೇಲಿಯ ಕಡೆಯಲ್ಲಿದ್ದ ಕಾಲ್ಡ್‌ವೆಲ್, ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಅದೇ ವಿದ್ವಾಂಸರು, 1867ರಲ್ಲಿ ಜುಟ್ಟಿನ ಮೇಲೆಯೇ ಒಂದು ಪ್ರಬಂಧ ಬರೆದು, ಇದು ಧರ್ಮದ ಗುರುತಲ್ಲ, ಬರಿಯ ಲೋಕರೂಢಿ ಎಂದು ವಾದಿಸಿದರು. ಕಟ್ಟಳೆ ಕೊನೆಗೆ ಕತ್ತರಿಯ ಕಡೆಗೆ ವಾಲಿತು.

ನನಗೆ ಹೆಚ್ಚು ಆಶ್ಚರ್ಯ ತಂದುದು ಬೇರೊಂದು ಸಂಗತಿ. ಈ ಪಾದ್ರಿಗಳು ಹುಟ್ಟಿ ಬಂದ ಯುರೋಪಿನಲ್ಲಿ ಆ ಕಾಲಕ್ಕೆ ಗಂಡುಮಕ್ಕಳಿಗೂ ಐದಾರು ವರ್ಷದ ತನಕ ಫ್ರಾಕನ್ನೇ ತೊಡಿಸುತ್ತಿದ್ದರು. ಕೂದಲನ್ನೂ ಗುಂಗುರಾಗಿ ಇಳಿಬಿಡುತ್ತಿದ್ದರು. ಷರಾಯಿ ತೊಡಿಸುವ ದಿನ ಮನೆಯಲ್ಲಿ ಸಂಭ್ರಮ, ನಮ್ಮಲ್ಲಿ ಚೌಲಕ್ಕೆ ನೆಂಟರು ಕೂಡುವ ಹಾಗೆ. ಅಂದರೆ ಅವರ ಅಜ್ಜಿಯಂದಿರೂ ನಮ್ಮ ಅಜ್ಜಿಯಂದಿರೂ ಮಗುವನ್ನು ಗಂಡು ಹೆಣ್ಣೆಂದು ಉಡುಪಿನಲ್ಲಿ ವಿಂಗಡಿಸಲು ಅವಸರಪಡುತ್ತಿರಲಿಲ್ಲ.

ಬೈಬಲಿನ ಆಧಾರ ಕೊಡುವವರಿದ್ದಾರೆ. ಗಂಡು ಹೆಣ್ಣಿನ ಬಟ್ಟೆಯನ್ನು, ಹೆಣ್ಣು ಗಂಡಿನ ಬಟ್ಟೆಯನ್ನು ಹಾಕಬಾರದೆಂದು ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿದೆ. ಗಂಡಿಗೆ ಉದ್ದಕೂದಲು ತರವಲ್ಲವೆಂದು ಪೌಲನು ಕೊರಿಂಥದವರಿಗೆ ಬರೆದಿದ್ದಾನೆ. ಅದೇ ಧರ್ಮೋಪದೇಶಕಾಂಡದ ಅದೇ ಅಧ್ಯಾಯ ಉಣ್ಣೆ, ನಾರು ಕೂಡಿಸಿ ನೆಯ್ದ ಬಟ್ಟೆಯನ್ನೂ ನಿಷೇಧಿಸುತ್ತದೆ. ಮಿಶ್ರನೂಲಿನ ಯೂನಿಫಾರ್ಮನ್ನು ಮಾತ್ರ ಯಾವ ಶಾಲೆಯೂ ಬೇಡವೆಂದಿಲ್ಲ.

1983ರಲ್ಲಿ ನನ್ನ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಯಕ್ಷಗಾನದ ಸ್ತ್ರೀವೇಷ ಕಲಿಯುತ್ತಿದ್ದ. ಕೋಳ್ಯೂರು ರಾಮಚಂದ್ರ ರಾಯರಂಥ ಸ್ತ್ರೀವೇಷಧಾರಿಯನ್ನು ಕೊಟ್ಟ ನಾಡು ನಮ್ಮದು, ಅದೇನೂ ಅಚ್ಚರಿಯಲ್ಲ. ವಾರ್ಷಿಕೋತ್ಸವದಲ್ಲಿ ಅವನ ದಮಯಂತಿಯನ್ನು ಕಂಡು ಮುಖ್ಯೋಪಾಧ್ಯಾಯರೇ ವೇದಿಕೆಗೆ ಬಂದು ಬಹುಮಾನ ಕೊಟ್ಟರು. ಹುಡುಗ ಕೂದಲು ಬಿಟ್ಟಿದ್ದ, ಭುಜದ ತನಕ. ನಡೆಯಲ್ಲಿ, ಕೈಯಾಡಿಸುವುದರಲ್ಲಿ ವೇಷದ ಲಾಲಿತ್ಯ ಹಗಲಲ್ಲೂ ಇರುತ್ತಿತ್ತು. ಜೂನ್ ತಿಂಗಳಲ್ಲಿ ನಾನು ಅವನನ್ನು ತರಗತಿಯೆದುರು ನಿಲ್ಲಿಸಿ, "ನಾಳೆ ಗಂಡಾಗಿ ಬಾ, ಇಲ್ಲದಿದ್ದರೆ ಬರಬೇಡ" ಎಂದೆ. ಮಕ್ಕಳು ನಕ್ಕರು. ಅವನು ಗೋಡೆಯ ಮೇಲಿದ್ದ ಯೇಸುಸ್ವಾಮಿಯ ಚಿತ್ರವನ್ನು ನೋಡಿದ; ಆ ಚಿತ್ರದಲ್ಲಿ ಕೂದಲು ಭುಜದ ತನಕ ಇತ್ತು. ಏನೂ ಹೇಳಲಿಲ್ಲ. ಮರುದಿನ ತಲೆ ಸಣ್ಣಗೆ ಕತ್ತರಿಸಿಕೊಂಡು ಬಂದ. ನಾಟ್ಯದ ಅಭ್ಯಾಸಕ್ಕೆ ಮತ್ತೆ ಹೋಗಲಿಲ್ಲವೆಂದು ಅವನ ತಾಯಿ ಹೇಳಿದರು. ಆ ಕಟ್ಟಳೆಯನ್ನು ಶಾಲೆ ಬರೆದಿರಬಹುದು, ಆ ಮಾತು ನನ್ನದು.

ಉಡುಪಿನ ಮೂಲಕ ತನ್ನ ಲಿಂಗಭಾವವನ್ನು ತೋರಿಸಿಕೊಳ್ಳುವುದೂ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ಆದರೆ ತಿರುವನಂತಪುರದ ಒಂದು ಕ್ರೈಸ್ತ ಶಾಲೆಯಲ್ಲಿ ತಲೆವಸ್ತ್ರಕ್ಕೆ ಅನುಮತಿ ಕೇಳಿದ ಇಬ್ಬರು ಹುಡುಗಿಯರ ಮೊಕದ್ದಮೆಯಲ್ಲಿ, ಯೂನಿಫಾರ್ಮನ್ನು ನಿರ್ಧರಿಸುವುದು ಸಂಸ್ಥೆಯ ಅಧಿಕಾರವೆಂದು ಕೇರಳ ಹೈಕೋರ್ಟು 2018ರಲ್ಲಿ ತೀರ್ಪಿತ್ತಿತು. ಅದೇ ವರ್ಷ ವಳಯನ್‌ಚಿರಂಙರದ ಸರಕಾರಿ ಎಲ್.ಪಿ. ಶಾಲೆ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಅಂಗಿ ಚಡ್ಡಿ ಕೊಟ್ಟಿತು. 2021ರಲ್ಲಿ ಬಾಲುಶ್ಶೇರಿಯ ಸರಕಾರಿ ಶಾಲೆಯ ಹುಡುಗಿಯರು ಪ್ಯಾಂಟು ತೊಟ್ಟು ಬಂದರು. ಒಳ್ಳೆಯದೇ. ಆದರೆ ಸಮಾನತೆಯೆಂದರೆ ಹುಡುಗಿ ಹುಡುಗನ ಬಟ್ಟೆಗೆ ಬರುವುದು ಎಂದಷ್ಟೇ ನಾವು ತಿಳಿದಂತಿದೆ. ಹುಡುಗನ ಜಡೆಯ ಮಾತನ್ನು ಯಾರೂ ಎತ್ತಲಿಲ್ಲ. ಯಕ್ಷಗಾನ ಇಂದು ಕೇರಳ ಶಾಲಾ ಕಲೋತ್ಸವದ ಸ್ಪರ್ಧೆಗಳಲ್ಲೊಂದು. ಅಲ್ಲಿ ಸ್ತ್ರೀವೇಷಕ್ಕೆ ಅಂಕ ಕೊಡುತ್ತೇವೆ, ಸೋಮವಾರ ಅದೇ ಹುಡುಗನ ಕೂದಲನ್ನು ಅಳೆಯುತ್ತೇವೆ.

ಆ ವಿದ್ಯಾರ್ಥಿ ಕಳೆದ ವರ್ಷ ಮಗಳ ಮದುವೆಗೆ ಕರೆಯಲು ಬಂದಿದ್ದ. ಚಾವಡಿಯಲ್ಲಿ ಪಟವನ್ನು ನೋಡಿ, "ಇದು ಯಾರು ಮಾಷ್ಟ್ರೇ?" ಎಂದು ಕೇಳಿದ. ಹೇಳಿದೆ. ಅವನು ಸ್ವಲ್ಪ ಹೊತ್ತು ನೋಡಿದ. "ಜಡೆ ಚಂದ ಹೆಣೆದಿದ್ದಾರೆ" ಎಂದ. ಆಮೇಲೆ ಮುಹೂರ್ತದ ಸಮಯ ಹೇಳಿ, ಕಾಗದ ಕೊಟ್ಟು ಹೊರಟ.